ಗಾಜಿಗೆ ನೀರು ಹಾಯಿಸುವ ಚಿತ್ತಣ್ಣ

ಶನಿವಾರ, ಬೆಳಗಿನ ಆರೂಕಾಲು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಗೇಟು ಇನ್ನೂ ಪೂರ್ತಿ ತೆರೆದಿಲ್ಲ. ಹೊರಗೆ ರಸ್ತೆಯುದ್ದಕ್ಕೂ ಚೀಲ ಹೇರಿಕೊಂಡ ಟೆಂಪೊಗಳು, ಆಟೊಗಳು, ಅವುಗಳ ನಡುವೆ ತೂರಿಕೊಂಡು ನಿಂತ ಕಾರುಗಳು. ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಕಾಂಪೌಂಡಿಗೆ ಒತ್ತರಿಸಿ ನಿಲ್ಲಿಸಿರುವ ಬಿಳಿ ಕಾರೊಂದರ ಬಾನೆಟ್ ಎತ್ತಿದೆ. ಅದರೊಳಕ್ಕೆ ಸೊಂಟದವರೆಗೂ ಬಗ್ಗಿರುವ ಹಿರಿಯರೊಬ್ಬರು ಕಿರುಬೆರಳಿಗಿಂತ ತೆಳ್ಳಗಿನ ಕಪ್ಪು ರಬ್ಬರ್ ಪೈಪಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ಊದುತ್ತಿದ್ದಾರೆ. ಒಳಗೆಲ್ಲೋ ಪುಸ್ ಎಂದು ಗಾಳಿ ಸೋರುತ್ತದೆ. ಸದ್ದು ಬಂದ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಬಾಯಿಗೆ ಬಂದ ಸೋಪಿನ ನೀರನ್ನು ಪಕ್ಕಕ್ಕೆ ಉಗಿಯುತ್ತಾರೆ.

"ಮೋಟ್ರು ಚೆನ್ನಾಗೈತೆ. ಡಬ್ಬಿಲಿ ನೀರೂ ಐತೆ. ಮಧ್ಯದಲ್ಲಿ ಇಲಿ ತಿಂದೈತೆ ಕಣ್ರೀ" ಎಂದು ಅವರು ಕಾರಿನೊಳಗೆ ಕೂತ ದಯಾನಂದ್ ಅವರಿಗೆ ಹೇಳುತ್ತಾರೆ. ದಯಾನಂದ್ ಹೊನ್ನವಳ್ಳಿ ಕಡೆಯ ಕೊಬ್ಬರಿ ವ್ಯಾಪಾರಿ. ಹರಾಜಿಗೆ ಹೊತ್ತಾಗುತ್ತದೆಂದು ಎರಡು ಸಲ ಗಡಿಯಾರ ನೋಡಿಕೊಂಡಿದ್ದಾರೆ.

"ಇರ್ಲಿ ಬುಡು ಚಿತ್ತಣ್ಣ. ಗಾಜಿಗೆ ನೀರ್ ಬರ್ದಿದ್ರೆ ಕಾರೇನ್ ನಿಂತೋಯ್ತದಾ? ಇನ್ನೊಂದಿನ ಬತ್ತೀನಿ."

"ಐದ್ ನಿಮಿಷ ಕೂತ್ಕಳಿ ಸಾ" ಎನ್ನುತ್ತಾರೆ ಚಿತ್ತಣ್ಣ. ಆ ಮಾತಿನಲ್ಲಿ ಕೋರಿಕೆಗಿಂತ ಹೆಚ್ಚಿನದೇನೋ ಇರುವುದರಿಂದ ದಯಾನಂದ್ ಕೂತುಕೊಳ್ಳುತ್ತಾರೆ. ಇಲಿ ಕಡಿದ ತುಂಡನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಹೊಸ ತುಂಡನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ತೂರಿಸಿ, ಎರಡೂ ಕಡೆ ತೆಳುವಾದ ತಂತಿ ಬಿಗಿಯುತ್ತಾರೆ. "ಈಗ ಒಂದ್ಸಲ ಒತ್ತಿ ನೋಡಿ." ಗುಂಯ್ ಎನ್ನುತ್ತದೆ ಮೋಟಾರು. ಗಾಜಿನ ಬುಡದಿಂದ ನೀರಿನ ಎರಡು ಎಳೆಗಳು ಚಿಮ್ಮಿ ಮೇಲೇರಿ ಗಾಜಿನ ಮೇಲೆ ಒಡೆಯುತ್ತವೆ. ವೈಪರ್ ಮೂರು ಸುತ್ತು ಆಡಿ ನಿಲ್ಲುವವರೆಗೂ ಚಿತ್ತಣ್ಣ ಗಾಜನ್ನೇ ನೋಡುತ್ತಾ ನಿಂತಿರುತ್ತಾರೆ. ಕೆಲಸ ಆಯಿತೆಂಬ ನಗು ಅವರ ಮುಖದಲ್ಲಿ ಕಾಣುವುದಿಲ್ಲ.

ಐವತ್ತೆಂಟು ವರ್ಷದ ಚಿತ್ತಣ್ಣ ಹುಳಿಯಾರು ಕಡೆಯ ಹಟ್ಟಿಯೊಂದರಲ್ಲಿ ಹುಟ್ಟಿ, ಕುರಿ ಕಾಯ್ದುಕೊಂಡು ಬೆಳೆದವರು. ಇಪ್ಪತ್ತಾರು ವರ್ಷ ಕಾರು ಓಡಿಸಿದವರು. ಈಗ ಎಂಟು ವರ್ಷದಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಬುಧವಾರ, ಶನಿವಾರ ಮಾರುಕಟ್ಟೆಯ ಗೋಡೆಯ ಬದಿ, ಉಳಿದ ದಿನ ಬಸ್ ನಿಲ್ದಾಣದ ಹಿಂದಿನ ಟ್ಯಾಕ್ಸಿ ಸ್ಟ್ಯಾಂಡಿನ ಮೂಲೆ. ಅವರು ಮಾಡುವುದು ಒಂದೇ ಕೆಲಸ. ಕಾರಿನ ಮುಂದಿನ ಗಾಜಿಗೆ ನೀರು ತರುವ ಪೈಪನ್ನು ಸರಿಮಾಡುವುದು. ಬೇರೆ ಏನನ್ನೂ ಮುಟ್ಟುವುದಿಲ್ಲ. ದೊಡ್ಡ ಗ್ಯಾರೇಜಿನವರು ಇಷ್ಟು ಸಣ್ಣ ಕೆಲಸಕ್ಕೆ ಬಾನೆಟ್ ಎತ್ತುವುದಿಲ್ಲ. ತುಮಕೂರಿನ ವರ್ಕ್‌ಶಾಪಿಗೆ ಹೋದರೆ ಪೂರ್ತಿ ಸೆಟ್ ಬದಲಾಯಿಸಬೇಕು ಎನ್ನುತ್ತಾರೆ. ಹಾಗಾಗಿ ನೀರು ಬಾರದ ಕಾರುಗಳು ವರ್ಷಗಟ್ಟಲೆ ಹಾಗೇ ಓಡಾಡುತ್ತವೆ.

ಈ ಸೀಮೆಯಲ್ಲಿ ಆ ಪೈಪು ಹಾಳಾಗಲು ಕಾರಣಗಳು ಬೇಕಾದಷ್ಟಿವೆ. ಅಟ್ಟದ ತುಂಬ ಕೊಬ್ಬರಿ, ಅಟ್ಟದ ಕೆಳಗೆ ಕಾರು. ಕೊಬ್ಬರಿಗೆ ಬಂದ ಇಲಿ ಇಳಿದು ಬಂದು ಬಾನೆಟ್ಟಿನ ಬಿಸುಪಿನಲ್ಲಿ ಮಲಗುತ್ತದೆ, ಕೈಗೆ ಸಿಕ್ಕ ರಬ್ಬರನ್ನು ಕಡಿಯುತ್ತದೆ. ಬೋರ್‌ವೆಲ್ ನೀರು ತುಂಬಿದರೆ ಅದರ ಸುಣ್ಣ ಕಟ್ಟಿಕೊಂಡು ತೂತು ಮುಚ್ಚುತ್ತದೆ. ತೋಟದವರು ಪೈಪು ಹೋಯಿತೆಂದರೆ ಡ್ರಿಪ್ಪಿನ ಸಣ್ಣ ಪೈಪನ್ನೇ ಕತ್ತರಿಸಿ ತೂರಿಸಿಬಿಡುತ್ತಾರೆ. "ಅದು ತೆಂಗಿನ ಬುಡದಲ್ಲಿ ಇರಾಕೆ ಸರಿ. ಇಂಜಿನ್ ಕಾವಿಗೆ ಹಿಗ್ಗಿ ಕಳಚ್ಕತದೆ. ಯಾವಾಗ ಕಳಚ್ಕಂತು ಅಂತ ಗೊತ್ತೇ ಆಗಕಿಲ್ಲ. ಒತ್ತಿದಾಗ್ಲೇ ಗೊತ್ತಾಗೋದು" ಎನ್ನುತ್ತಾರೆ ಚಿತ್ತಣ್ಣ.

ಆ ಶನಿವಾರ ಆರರಿಂದ ಒಂಬತ್ತರವರೆಗೆ ಅವರು ನಲವತ್ತೊಂದು ಕಾರುಗಳ ಕಿಟಕಿ ತಟ್ಟಿದರು. "ಒಂದ್ಸಲ ಒತ್ತಿ ನೋಡಿ" ಎಂದು ಕೇಳಿದರು. ಹದಿಮೂರು ಕಾರುಗಳಲ್ಲಿ ನೀರು ಬರಲಿಲ್ಲ. ನಿಂತು ಸರಿಮಾಡಿಸಿಕೊಂಡು ಹೋದವರು ನಾಲ್ಕೇ ಜನ. ಉಳಿದವರು ನಾಳೆ ಎಂದರು, ಬುಧವಾರ ಎಂದರು, ಒಬ್ಬರು ಕಿಟಕಿಯನ್ನೇ ಇಳಿಸಲಿಲ್ಲ. ಕೆಲಸ ಕೇಳಿಕೊಂಡು ಬಂದ ಇವರನ್ನು ಭಿಕ್ಷುಕನನ್ನು ನೋಡುವಂತೆ ನೋಡುವವರೂ ಇದ್ದಾರೆ. ಕೊಟ್ಟಷ್ಟನ್ನು ಚಿತ್ತಣ್ಣ ತೆಗೆದುಕೊಳ್ಳುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ದಿನವೆಲ್ಲ ಪೈಪು ಊದಿ ಊದಿ ಬಾಯಿ ಸೋಪಿನ ರುಚಿಗೇ ಒಗ್ಗಿಹೋಗಿದೆ. ಮನೆಯಲ್ಲಿ ಹೆಂಡತಿ ನಾಗಕ್ಕ ಮಾಡಿದ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಅವರಿಗೆ ತಿಳಿಯುವುದಿಲ್ಲ. ತಿಳಿದರೂ ಅವರು ಹೇಳುವುದಿಲ್ಲ ಎನ್ನುತ್ತಾರೆ ನಾಗಕ್ಕ.

ಒಬ್ಬ ಒಳ್ಳೆಯ ಡ್ರೈವರ್ ಯಾಕೆ ಕಾರು ಓಡಿಸುವುದನ್ನು ಬಿಟ್ಟು ಪೈಪು ಊದಲು ಕೂತರು ಎಂಬುದನ್ನು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕೇಳಿದರೆ "ಆಕ್ಸಿಡೆಂಟ್ ಆಗಿತ್ತು, ಹೆದರ್ಕಂಡ" ಎನ್ನುತ್ತಾರೆ. ಟ್ಯಾಕ್ಸಿ ಓಡಿಸುವ ಓಬಳೇಶ್ ಮಾತ್ರ, "ಹೆದ್ರಿಕೆ ಅಲ್ಲ ಸಾ ಅದು. ಅವ್ನನ್ನೇ ಕೇಳಿ. ಈಗೀಗ ಹೇಳ್ತಾನೆ" ಎಂದರು.

ಹೇಳುತ್ತಾರೆ. ಗೋಡೆಯ ಬದಿಯ ಕಲ್ಲಿನ ಮೇಲೆ ಕೂತು, ಕೈಯಲ್ಲೊಂದು ಪೈಪಿನ ತುಂಡು ಹಿಡಿದುಕೊಂಡು, ತಲೆ ಎತ್ತದೆ ಹೇಳುತ್ತಾರೆ.

ಹನ್ನೊಂದು ವರ್ಷದ ಹಿಂದೆ ಚಿತ್ತಣ್ಣ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರ ಡ್ರೈವರ್ ಆಗಿದ್ದರು. ಸಾಹುಕಾರರು ಈಗಿಲ್ಲ. ಹೆಸರು ಬರೆಯುವುದು ಬೇಡವೆಂದು ಚಿತ್ತಣ್ಣ ಕೇಳಿಕೊಂಡಿದ್ದಾರೆ. "ಕೆಟ್ಟೋರಲ್ಲ ಅವ್ರು. ನಮ್ ಮನೇಲಿ ಕಾಯಿಲೆ ಅಂದ್ರೆ ಕಾರ್ ಕೊಟ್ಟು ಕಳ್ಸೋರು. ಎಲ್ರಂಗೆ ಅವ್ರಿಗೂ ಅದೊಂದು ಸಣ್ ವಿಷಯ ಆಗಿತ್ತು, ಅಷ್ಟೇಯ." ಮಂಡಿಯ ಅಟ್ಟದ ಕೆಳಗೆ ನಿಲ್ಲುತ್ತಿದ್ದ ಕಾರಿನ ಪೈಪನ್ನು ಆ ವರ್ಷ ಇಲಿ ಎರಡು ಸಲ ಕಡಿಯಿತು. ಮೊದಲ ಸಲ ಚಿತ್ತಣ್ಣ ಹೇಳಿದಾಗ ಸಾಹುಕಾರರು "ಸರ್ವಿಸಿಗೆ ಬಿಟ್ಟಾಗ ನೋಡನ" ಎಂದರು. ಎರಡನೇ ಸಲ, "ಒಂದು ಬಾಟ್ಲಿ ನೀರ್ ಇಟ್ಕಳ್ಲಾ, ಬೇಕಾದಾಗ ಇಳ್ದು ಹುಯ್ಕ" ಎಂದರು. ಚಿತ್ತಣ್ಣ ಬಾಟಲಿಯನ್ನೂ ಇಟ್ಟುಕೊಂಡರು, ಡ್ರಿಪ್ಪಿನ ಪೈಪೊಂದನ್ನು ಕತ್ತರಿಸಿ ದಾರ ಸುತ್ತಿ ಜೋಡಿಸಿಯೂ ಇಟ್ಟರು. ಒಂದು ವಾರ ನೀರು ಬಂತು. ಆಮೇಲೆ ಅವರು ಒತ್ತಿ ನೋಡಲಿಲ್ಲ.

ಧನುರ್ಮಾಸದ ಒಂದು ಶನಿವಾರ. ಚಿತ್ತಣ್ಣ, ಸಾಹುಕಾರರು ಹಿಂದಿನ ದಿನ ತುರುವೇಕೆರೆ ಕಡೆ ತೋಟವೊಂದರ ಕೊಬ್ಬರಿ ನೋಡಿಕೊಂಡು, ರಾತ್ರಿ ಅಲ್ಲೇ ಉಳಿದು, ಬೆಳಗಿನ ಜಾವ ಹೊರಟರು. ಮಾರುಕಟ್ಟೆಯ ದಿನ. ದಂಡಿನಶಿವರ ಇನ್ನೂ ಮುಂದಿದೆ ಎನ್ನುವಾಗ ಮುಂದೆ ತೆಂಗಿನ ನಾರಿನ ಪುಡಿ ತುಂಬಿದ ಲಾರಿಯೊಂದು ಸಿಕ್ಕಿತು. ಟಾರ್ಪಾಲು ಸರಿಯಾಗಿ ಕಟ್ಟಿರಲಿಲ್ಲ. ಪುಡಿ ಹಾರಿ ಬಂದು ಮಂಜು ಹಿಡಿದ ಗಾಜಿಗೆ ಮೆತ್ತಿಕೊಂಡಿತು. ಚಿತ್ತಣ್ಣ ಒತ್ತಿದರು. ಮೋಟಾರಿನ ಸದ್ದಷ್ಟೇ ಬಂತು. ವೈಪರ್ ಆಡಿತು.

"ಆಡ್ದೇ ಇದ್ದಿದ್ರೆ ಚೆನ್ನಾಗಿತ್ತು. ರಾಗಿ ಅಂಬಲಿ ಬಳ್ದಂಗೆ ಗಾಜೆಲ್ಲ ಬಳ್ಕಂತು. ಎಡಗಡೆ ಅಂತೂ ಏನೂ ಕಾಣ್ತಿರ್ಲಿಲ್ಲ. ನನ್ ಮುಂದೆ ಅಂಗೈಯಗಲ ಒಂದ್ ಜಾಗ ಉಳ್ಕಂಡಿತ್ತು. ಸಾಮಿ, ನಿಲ್ಸ್ತೀನಿ ಅಂದೆ. ಲಾರಿ ಹಿಂದೆ ಹಾಕು, ಮುಂದೆ ಊರೈತೆ, ಅಲ್ಲಿ ನಿಲ್ಸು ಅಂದ್ರು. ಸಾಹುಕಾರ್ರು ಹೇಳ್ದಂಗೆ ಕೇಳ್ದೆ ಅಂತ ನಾನು ತುಂಬ ದಿನ ಅಂದ್ಕತಿದ್ದೆ. ಬ್ರೇಕು ನನ್ ಕಾಲ್ ಕೆಳಗಿತ್ತು. ಅವ್ರ ಕಾಲ್ ಕೆಳಗಿರ್ಲಿಲ್ಲ."

ಲಾರಿ ಹಿಂದೆ ಹಾಕಿ ಎಡಕ್ಕೆ ಎಳೆದಾಗ ಸದ್ದಾಯಿತು. ಮೊದಲು ಕಬ್ಬಿಣದ ಸದ್ದು. ಲಕ್ಷ್ಮಯ್ಯ ಎಂಬ ಐವತ್ತೆರಡು ವರ್ಷದ ಮನುಷ್ಯ ಸೈಕಲ್ಲಿನ ಕ್ಯಾರಿಯರಿಗೆ ಕಾಯಿ ಸುಲಿಯುವ ಗೂಟ ಕಟ್ಟಿಕೊಂಡು ಕೆಲಸಕ್ಕೆ ಹೊರಟಿದ್ದರು. ಡಾಂಬರಿನ ಆಚೆ, ಮಣ್ಣಿನ ಅಂಚಿನಲ್ಲಿ ಬಿದ್ದಿದ್ದರು. ಉಸಿರಿತ್ತು. ಚಿತ್ತಣ್ಣ, ಸಾಹುಕಾರರು ಇಬ್ಬರೂ ಹಿಡಿದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಆಸ್ಪತ್ರೆಗೆ ಓಡಿಸಬೇಕು, ಗಾಜು ಕಾಣುವುದಿಲ್ಲ.

"ಆವಾಗ ಬಾಟ್ಲಿ ತಗಂಡು ನೀರ್ ಹುಯ್ದೆ ಕಣ್ರೀ. ಅರ್ಧ ನಿಮಿಷ ಹಿಡೀಲಿಲ್ಲ. ಗಾಜು ಕನ್ನಡಿ ಆದಂಗಾಯ್ತು." ಇಷ್ಟು ಹೇಳಿ ಚಿತ್ತಣ್ಣ ಕೈಯಲ್ಲಿದ್ದ ಪೈಪಿನ ತುಂಡನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಾರೆ. ಲಕ್ಷ್ಮಯ್ಯ ದಾರಿಯಲ್ಲೇ ತೀರಿಕೊಂಡಿದ್ದರು.

ನೋಡಿದವರು ಯಾರೂ ಇರಲಿಲ್ಲ. ಲಾರಿ ಹೊರಟುಹೋಗಿತ್ತು. ಸಾಹುಕಾರರ ಕಡೆಯ ವಕೀಲರು ಚಿತ್ತಣ್ಣನನ್ನು ಕೂರಿಸಿಕೊಂಡು, ಗಾಡಿ ಸರಿ ಇರಲಿಲ್ಲ ಎಂದರೆ ಎಲ್ಲರಿಗೂ ತೊಂದರೆ, ಸೈಕಲ್ಲಿನವನು ದಿಢೀರಂತ ಅಡ್ಡ ಬಂದ ಎಂದರೆ ಯಾರಿಗೂ ತೊಂದರೆಯಿಲ್ಲ ಎಂದು ಬಿಡಿಸಿ ಹೇಳಿದರು. ಸ್ಟೇಷನ್ನಿನಲ್ಲಿ ಚಿತ್ತಣ್ಣ ಹಾಗೇ ಹೇಳಿದರು. ಮೂರು ವರ್ಷ ಕೇಸು ನಡೆಯಿತು. ಕೋರ್ಟಿನಲ್ಲಿಯೂ ಹಾಗೇ ಹೇಳಿದರು. ಹಿಂದಿನ ಬೆಂಚಿನಲ್ಲಿ ಲಕ್ಷ್ಮಯ್ಯನವರ ಹೆಂಡತಿ ಪುಟ್ಟಗೌರಮ್ಮ ಸೆರಗು ಹೊದ್ದು ಕೂತಿದ್ದರು. ಸೈಕಲ್ಲಿನವನು ಅಡ್ಡ ಬಂದ ಎಂದು ಚಿತ್ತಣ್ಣ ಹೇಳಿದಾಗ ಆಕೆ ತಲೆ ಎತ್ತಿ ನೋಡಿದರು. ಕೇಸು ಬಿದ್ದುಹೋಯಿತು.

ಬಿಡುಗಡೆಯಾದ ದಿನ ನಾಗಕ್ಕ ಒಬ್ಬಟ್ಟು ಮಾಡಿದ್ದರು. "ತಟ್ಟೆ ಮುಂದೆ ಕೂತ್ರು. ಕೈ ಹಾಕ್ಲಿಲ್ಲ. ಏನಾಯ್ತು ಅಂದ್ರೆ ಹೊಟ್ಟೆ ಸರಿಯಿಲ್ಲ ಅಂದ್ರು. ಮಾರ್ನೆ ವಾರ ಸಾಹುಕಾರ್ರ ಮನೆಗೆ ಹೋಗಿ ಕಾರಿನ ಬೀಗದ್ಕೈ ಕೊಟ್ಟು ಬಂದ್ರು. ನಂಗೆ ಹತ್ ವರ್ಷ ನಿಜ ಏನಂತ ಗೊತ್ತಿರ್ಲಿಲ್ಲ" ಎನ್ನುತ್ತಾರೆ ಅವರು. ಚಿತ್ತಣ್ಣ ಕೆಲವು ತಿಂಗಳು ಮಂಡಿಯೊಂದರಲ್ಲಿ ಚೀಲ ಹೊಲಿದರು. ಅಲ್ಲೇ ಒಂದು ಬೆಳಗ್ಗೆ, ಹೊರಗೆ ನಿಂತಿದ್ದ ಕಾರಿನ ವೈಪರ್ ಒಣಗಾಜಿನ ಮೇಲೆ ಕರಕರ ಆಡುವ ಸದ್ದು ಕೇಳಿ ಎದ್ದು ಹೋಗಿ ಬಾನೆಟ್ ಎತ್ತಿಸಿದರು. ಅಲ್ಲಿಂದ ಈ ಕೆಲಸ ಹಿಡಿಯಿತು.

ಪುಣ್ಯದ ಕೆಲಸ ಎಂದು ಯಾರಾದರೂ ಹೇಳಿದರೆ ಚಿತ್ತಣ್ಣನಿಗೆ ಸಿಟ್ಟು ಬರುತ್ತದೆ. ಈ ಎಂಟು ವರ್ಷದಲ್ಲಿ ಸುತ್ತಮುತ್ತ ಎಲ್ಲಿ ಕಾರು ಅಪಘಾತವಾದ ಸುದ್ದಿ ಬಂದರೂ ಅವರು ಬಸ್ಸು ಹತ್ತಿ ಹೋಗಿ, ಸ್ಟೇಷನ್ನಿನ ಅಂಗಳದಲ್ಲಿ ಎಳೆದು ತಂದು ನಿಲ್ಲಿಸಿದ ಗಾಡಿಯ ಮುರಿದ ಬಾನೆಟ್ಟಿನೊಳಗೆ ಇಣುಕಿ ಬರುತ್ತಾರೆ. ಪೊಲೀಸರು ಮೊದಮೊದಲು ಗದರುತ್ತಿದ್ದರು, ಈಗ ಏನೂ ಅನ್ನುವುದಿಲ್ಲ. "ಬೇರೇವ್ರ ಮನೆ ಮುರ್ದಿರ್ತದೆ. ಪೈಪು ಸರಿಯಾಗೈತೆ ಅಂತ ಕಂಡ್ರೆ ನಂಗೆ ಹಗುರಾಯ್ತದೆ. ಸದ್ಯ, ಇದಲ್ಲ ಅಂತ. ವಾಪಸ್ ಬರೋವಾಗ ಬಸ್ಸಲ್ಲಿ ನಾಚ್ಕೆ ಆಯ್ತದೆ. ಎಂಥ ಮನ್ಸ ನಾನು ಅಂತ." ಹೋದ ಮಳೆಗಾಲದಲ್ಲಿ ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ಸೇತುವೆಗೆ ಗುದ್ದಿದ ಕಾರಿನಲ್ಲಿ ಮಾತ್ರ ಪೈಪು ಕಳಚಿತ್ತು. ಗುದ್ದಿದ್ದಕ್ಕೆ ಕಳಚಿತೋ, ಕಳಚಿದ್ದಕ್ಕೆ ಗುದ್ದಿತೋ ತಿಳಿಯಲಿಲ್ಲ. ಹದಿನೈದು ದಿನ ಅವರು ಕೆಲಸಕ್ಕೆ ಬರಲಿಲ್ಲ.

ಹೋದ ವರ್ಷ ಸಾಹುಕಾರರು ತೀರಿಕೊಂಡರು. ಅವರ ಮನೆಯ ಕಾರ್ಯಗಳೆಲ್ಲ ಮುಗಿದು ತಿಂಗಳಾದ ಮೇಲೆ ಚಿತ್ತಣ್ಣ ಒಂದು ಬೆಳಗ್ಗೆ ದಂಡಿನಶಿವರದ ಬಸ್ಸು ಹತ್ತಿದರು. ಪುಟ್ಟಗೌರಮ್ಮ ಜಗುಲಿಯ ಮೇಲೆ ಕೂತು ತೆಂಗಿನ ಗರಿಯ ಕಡ್ಡಿ ಸೀಳುತ್ತಿದ್ದರು. ಗುರುತು ಹಿಡಿದರು. ಚಿತ್ತಣ್ಣ ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದರು. ಪೈಪು, ದಾರ, ಲಾರಿ, ಅಂಗೈಯಗಲದ ಜಾಗ, ಬಾಟಲಿ, ವಕೀಲರು. ಆಕೆ ಕಡ್ಡಿ ಸೀಳುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ನಂಗೆ ಗೊತ್ತಿತ್ತು ಕಣಪ್ಪ" ಎಂದರಂತೆ ಕೊನೆಗೆ. "ಮೂವತ್ ವರ್ಷ ಅದೇ ರಸ್ತೇಲಿ ಸೈಕಲ್ ತುಳ್ದೋರು ಅವ್ರು. ಮಣ್ಣಿನ ಅಂಚು ಬುಟ್ಟು ಡಾಂಬರಿಗೆ ಬಂದೋರಲ್ಲ. ನಾನ್ ಹೇಳಿದ್ರೆ ಯಾರ್ ಕೇಳ್ತಾರೆ?"

ಆಮೇಲೆ ಒಳಗೆ ಹೋಗಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಹಳದಿಗಟ್ಟಿದ ಕಾಗದದ ಚೂರೊಂದನ್ನು ತಂದು ತೋರಿಸಿದರು. ಹನ್ನೊಂದು ವರ್ಷದ ಹಿಂದಿನ ಪತ್ರಿಕೆಯ ನಾಲ್ಕು ಸಾಲಿನ ಸುದ್ದಿ. ಮೇಲೆ ದಪ್ಪಕ್ಷರದಲ್ಲಿ, 'ರಸ್ತೆಗೆ ಅಡ್ಡ ಬಂದ ಸೈಕಲ್ ಸವಾರ ಸಾವು'. ಪುಟ್ಟಗೌರಮ್ಮನಿಗೆ ಓದು ಬರುವುದಿಲ್ಲ. ಮಗಳು ಭಾಗ್ಯ ಓದಿ ಹೇಳಿದ್ದಳು.

"ಊರೆಲ್ಲ ಇದನ್ನೇ ಓದಿದ್ರು. ಕುಡ್ದಿದ್ದ ಅಂತ್ಲೂ ಸೇರುಸ್ಕಂಡ್ರು. ಬೆಳ್ಗಿನ್ ಜಾವ ಕೆಲ್ಸಕ್ ಹೋಗೋನು ಕುಡ್ಕಂಡ್ ಹೋಯ್ತಾನೇನಪ್ಪ? ಮಗಳ್ನ ನೋಡಾಕೆ ಬಂದೋರೂ ಕೇಳಿದ್ರು, ನಿಮ್ ಯಜಮಾನ್ರು ಕುಡಿತಿದ್ರಂತೆ ಅಂತ."

ಚಿತ್ತಣ್ಣ ಕಾಲಿಗೆ ಬೀಳಲು ಹೋದರು. ಆಕೆ ಕಾಲು ಹಿಂದಕ್ಕೆಳೆದುಕೊಂಡರು. "ಅದ್ಯಾವ್ದೂ ಬ್ಯಾಡ. ನೀನು ನಂಗ್ ಹೇಳಿ ಏನ್ ಬಂತು? ನಂಗ್ ಗೊತ್ತಿರೋದ್ನೇ ಹೇಳ್ದೆ. ಗೊತ್ತಿಲ್ದೋರ್ಗೆ ಹೇಳು, ಹೋಗು" ಎಂದು ಮತ್ತೆ ಪೊರಕೆಯ ಕಡ್ಡಿ ಕೈಗೆತ್ತಿಕೊಂಡರು.

ಅಂದಿನಿಂದ ಚಿತ್ತಣ್ಣ ಹೇಳುತ್ತಲೇ ಇದ್ದಾರೆ. ಮೊದಲು ನಾಗಕ್ಕನಿಗೆ ಹೇಳಿದರು. "ಮುಚ್ಚಿ ಹೋಗಿದ್ದನ್ನ ಕೆದಕ್ತಾರಲ್ಲ ಅಂತ ನಂಗೆ ಹೊಟ್ಟೆ ಉರೀತು. ಈ ವಯಸ್ನಲ್ಲಿ ಜೈಲಿಗ್ ಹಾಕಿದ್ರೆ ಏನ್ ಗತಿ? ಆಮೇಲ್ ನೋಡ್ದೆ, ಹೇಳಿದ್ ದಿನ ಒಸಿ ನಿದ್ದೆ ಮಾಡ್ತಾರೆ. ಹೇಳ್ಕಳ್ಲಿ ಬುಡು ಅಂದ್ಕಂಡೆ" ಎನ್ನುತ್ತಾರೆ ಅವರು. ಚಿತ್ತಣ್ಣ ವಕೀಲರೊಬ್ಬರ ಆಫೀಸಿಗೆ ಹೋದರು. ಅವರು ಕೇಸು ಮುಗಿದುಹೋಗಿದೆ, ಹೋಗಿ ನೆಮ್ಮದಿಯಾಗಿರಿ ಎಂದು ಕಳುಹಿಸಿದರು. ಟೀ ಅಂಗಡಿಯಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಬಾನೆಟ್ ಎತ್ತಿ ನಿಂತ ಕಾರಿನವರ ಮುಂದೆ ಹೇಳಿದರು. ಕೇಳಿದವರು ತಲೆದೂಗುತ್ತಾರೆ, ಹೆಗಲು ತಟ್ಟುತ್ತಾರೆ. "ನೀನೇನ್ ಬೇಕಂತ ಮಾಡಿದ್ಯಾ ಬುಡು" ಎನ್ನುತ್ತಾರೆ. ಎಲ್ಲರಿಗೂ ಚಿತ್ತಣ್ಣನ ಮೇಲೆ ಮರುಕ ಹುಟ್ಟುತ್ತದೆ. ಲಕ್ಷ್ಮಯ್ಯನ ಹೆಸರು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಅದು ಅವರನ್ನು ಇನ್ನಷ್ಟು ಕುಗ್ಗಿಸಿದೆ.

ಹತ್ತೂವರೆಯ ಹೊತ್ತಿಗೆ ಮಾರುಕಟ್ಟೆಯೊಳಗೆ ಹರಾಜಿನ ಗದ್ದಲ. ಹೊರಗೆ ಬಿಸಿಲು ಏರಿದೆ. ಬೆಳಗ್ಗೆ 'ನಾಳೆ' ಎಂದು ಹೋದವರ ಕಾರುಗಳು ಗಾಜಿಗೆ ಮಣ್ಣು ಹಿಡಿದು ಸಾಲಾಗಿ ನಿಂತಿವೆ. ಚಿತ್ತಣ್ಣ ಬಿಸ್ಕತ್ತಿನ ಹಳೇ ಡಬ್ಬಿಯೊಳಗೆ ಬ್ಲೇಡು, ತಂತಿ, ಪೈಪಿನ ತುಂಡುಗಳನ್ನು ಜೋಡಿಸಿಕೊಳ್ಳುತ್ತಿದ್ದಾರೆ. ಇಷ್ಟು ವರ್ಷದ ಈ ಸೇವೆಯ ಬಗ್ಗೆ ಬರೆಯುತ್ತೇವೆ, ಓದುಗರಿಗೆ ಏನು ಹೇಳಲು ಇಷ್ಟಪಡುತ್ತೀರಿ ಎಂದು ಕೇಳಿದಾಗ ಅವರು ಡಬ್ಬಿಯ ಮುಚ್ಚಳ ಹಾಕಿ, ಮೊದಲ ಸಲ ತಲೆ ಎತ್ತಿ ನೇರ ನೋಡುತ್ತಾರೆ.

"ಸೇವೆ ಗೀವೆ ಅಂತ ಬರೀಬ್ಯಾಡಿ ಸಾ. ನನ್ ಫೋಟೋನೂ ಬ್ಯಾಡ. ಓಬಳೇಶ ಪೇಪರ್ನೋರನ್ನ ಕರೀಲಾ ಅಂದಾಗ ನಾನ್ ಒಪ್ಕಂಡಿದ್ದು ಒಂದೇ ಕಾರಣಕ್ಕೆ. ಆವಮ್ಮನ್ ಮನೇಲಿರೋ ಕಾಗ್ದ ಪೇಪರಿಂದು. ನಾನ್ ಎಷ್ಟ್ ಜನಕ್ಕೆ ಹೇಳಿದ್ರೂ ಅದನ್ನ ಅಳ್ಸಾಕಾಗಕಿಲ್ಲ. ನೀವ್ ಬರುದ್ರೆ ದಂಡಿನಶಿವರದಲ್ಲೂ ಓದ್ತಾರೆ, ಆ ಹುಡುಗಿ ಗಂಡನ್ ಮನೆ ಕಡೆಯೋರೂ ಓದ್ತಾರೆ. ಕೇಸು ಮತ್ತೆ ಹಾಕೋದಾದ್ರೆ ಹಾಕ್ಲಿ, ನಾನ್ ಇಲ್ಲೇ ಸಿಗ್ತೀನಿ."

ಒಂದು ಕಾರು ಬಂದು ಗೋಡೆಯ ಬದಿಗೆ ನಿಲ್ಲುತ್ತದೆ. ಚಿತ್ತಣ್ಣ ಮಂಡಿಗೆ ಕೈಯೂರಿ ಏಳುತ್ತಾರೆ. ಎರಡು ಹೆಜ್ಜೆ ಹೋಗಿ ತಿರುಗಿ ನಿಲ್ಲುತ್ತಾರೆ.

"ಹಿಂಗೇ ಬರೀರಿ. ಲಕ್ಷ್ಮಯ್ಯ ಕುಡ್ದಿರ್ಲಿಲ್ಲ. ಅಡ್ಡ ಬರ್ಲಿಲ್ಲ. ಎಡಗಡೆ ಮಣ್ಣಲ್ಲೇ ಹೋಯ್ತಿದ್ರು. ನಂಗೆ ಕಾಣ್ಲಿಲ್ಲ."